ಮೈಕ್ರೋಸ್ಕೋಪಿಗೆ ಹತ್ತಿದ ಭಂಡಾರ

ಹಳೆಯ ಸಾಮಾನು ಕೊಳ್ಳುವವನೊಬ್ಬ ಮೊನ್ನೆ ದವಾಖಾನೆಗೆ ಬಂದಿದ್ದ. ಕುರ್ಚಿ ಅಲ್ಲಾಡಿಸಿ ನೋಡಿದ, ಕಪಾಟಿನ ಬಾಗಿಲು ತೆಗೆದು ನೋಡಿದ, ತೂಕದ ಯಂತ್ರದ ಮೇಲೆ ತಾನೇ ಹತ್ತಿ ನಿಂತು ಮುಖ ಸಣ್ಣ ಮಾಡಿಕೊಂಡ. ಕೊನೆಗೆ ಕಿಟಕಿಯ ಪಕ್ಕದ ಮೈಕ್ರೋಸ್ಕೋಪಿನ ಹತ್ತಿರ ಹೋಗಿ, ಅದರ ಬಿಳಿ ನೆತ್ತಿಯ ಮೇಲಿದ್ದ ಹಳದಿ ಗುರುತನ್ನು ಉಗುರಿನಿಂದ ಕೆರೆಯತೊಡಗಿದ.

"ಇದೇನ್ರಿ ಡಾಗ? ಹೋಗೂದಿಲ್ಲೇನು ಇದು?"

ನನಗೆ ಮೈಯೆಲ್ಲ ಉರಿಯಿತು. "ಕೈ ತಗೀರಿ ಮೊದಲ! ಮುಟ್ಟಬ್ಯಾಡ್ರಿ ಅದನ್ನ!" ಎಂದು ಕೂಗಿಯೇ ಬಿಟ್ಟೆ. ಪಾಪ, ಅವನು ಎರಡು ಹೆಜ್ಜೆ ಹಿಂದೆ ಸರಿದ. ತಪ್ಪು ಅವನದಲ್ಲ. ಕರೆಸಿದ್ದು ನಮ್ಮ ಡಾಕ್ಟರ ಅಣ್ಣನ ಮಗ. ದವಾಖಾನೆ ಖಾಲಿ ಮಾಡಬೇಕಾಗಿತ್ತು. ಸಾಮಾನಿನವನನ್ನು ಕೂರಿಸಿ ಚಹಾ ಹೇಳಿದೆ. ಚಹಾ ಬರುವಷ್ಟರಲ್ಲಿ ಕಥೆ ಶುರುವಾಗಿಬಿಟ್ಟಿತು.

ಆ ಹಳದಿ ಗುರುತು ಮೂಡಿಸಿದವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಸೊಲ್ಲಾಪುರದ ಚರ್ಮದ ಡಾಕ್ಟರು. ಮಂದಿ ಡಾಕ್ಟರಬಾಯಿ ಎನ್ನುತ್ತಿದ್ದರು, ನಾನು ಮೇಡಂ ಎನ್ನುತ್ತಿದ್ದೆ. ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಯಾಕ ಬೇಕೋ? ಗಾಜಿನ್ಯಾಗ ಕಂಡ ಕೋಶದ ಹೆಸರು ಬರಿ ಮೊದಲ" ಎಂದು ಎಲ್ಲಿದ್ದರೂ ಬೈದಾರು. ನಾನು ಅಕ್ಕಲಕೋಟದವನು. ಅವರ ದವಾಖಾನೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಚರ್ಮದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಹತ್ತಿಸಿ, ಬಣ್ಣ ಹಾಕಿ ಅವರ ಕೈಗೆ ಕೊಟ್ಟವನು.

ಕೆಲಸಕ್ಕೆ ತೆಗೆದುಕೊಳ್ಳುವ ದಿನ ಅವರು ಸರ್ಟಿಫಿಕೇಟು ನೋಡಲೇ ಇಲ್ಲ. "ಕೈ ಚಾಚು" ಎಂದರು. ಚಾಚಿದೆ. ಬೆರಳು ನಡುಗುತ್ತವೋ ಇಲ್ಲವೋ ಎಂದು ಕನ್ನಡಕ ಹಣೆಗೇರಿಸಿ ನೋಡಿದರು.

"ಸಾಲಿ ಯಾವುದು?"

"ಕನ್ನಡ ಸಾಲಿರಿ. ಅಕ್ಕಲಕೋಟದಾಗ."

"ಅರೇ ವ್ಹಾ! ನಮ್ಮ ಮನ್ಯಾಗ ಎಲ್ಲಾರೂ ಕನ್ನಡಾನ ಮಾತಾಡ್ತೀವಿ, ಓದಾಕ ಒಬ್ಬರಿಗೂ ಬರೂದಿಲ್ಲ. ನಾಳೆಯಿಂದ ಗಾಜಿನ ಮ್ಯಾಲ ಊರಿನ ಹೆಸರು ನೀ ಬರಿ, ತಮ್ಮಾ."

ಅವರದು ನೂಲಿನ ವ್ಯಾಪಾರದ ಮನೆತನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಡಾಕ್ಟರಿಕೆ ಇಂಗ್ಲಿಷಿನಲ್ಲಿ. ಮೂರನ್ನೂ ಕಲಸಿ ಮಾತಾಡುತ್ತಿದ್ದರು. ಸಂತೋಷವಾದಾಗ ಮಾತ್ರ ಯಾವ ಭಾಷೆಯೂ ಸಾಲದೆ ಅಂಗೈಯಿಂದ ಮೇಜು ಬಡಿಯುತ್ತಿದ್ದರು. ಒಣಗಲು ಇಟ್ಟ ಗಾಜುಗಳೆಲ್ಲ ಟಣ್ಣೆಂದು ಹಾರುತ್ತಿದ್ದವು. "ಒಡೀತಾವ್ರಿ ಮೇಡಂ!" ಎಂದು ನಾನು ಹಿಂದಿನ ಕೋಣೆಯಿಂದ ಕಿರುಚಬೇಕು. ಅವರಿಗೆ ದಿನಕ್ಕೆ ಮೂರು ಸಲವಾದರೂ ಸಂತೋಷವಾಗುತ್ತಿತ್ತು.

ತಾವು ನೋಡಿದ್ದನ್ನು ಒಬ್ಬರೇ ನೋಡಿ ಸುಮ್ಮನಿರುವುದು ಅವರಿಂದ ಆಗುತ್ತಲೇ ಇರಲಿಲ್ಲ. ಚಹಾ ತಂದ ಮನುಷ್ಯ, ಲೈಟ್ ಬಿಲ್ಲು ಕೊಡಲು ಬಂದವನು, ಎದುರಿನ ಅಂಗಡಿಯ ಮುದುಕ, ಯಾರಾದರೂ ಸರಿ. "ಬರ್ರಿ ಬರ್ರಿ, ಒಂದ ಮಿಂಟ ನೋಡ್ರಿ ಇಲ್ಲಿ, ಏನ ಗದ್ಲ ನಡದದ ಒಳಗ!" ಎಂದು ಕೈಹಿಡಿದು ಎಳೆತಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತಿದ್ದರು. ಮಂದ್ರೂಪದ ರೈತನೊಬ್ಬ ಕಾಲಿನ ತುರಿಕೆಗೆಂದು ಬಂದಿದ್ದ. ಅವನ ಚರ್ಮದ ಚೂರನ್ನು ಅವನಿಗೇ ತೋರಿಸಿ, "ಈ ನೇರಳೆ ಚುಕ್ಕಿ ಅದಾವಲ್ಲ, ಇವ ನೋಡ್ರಿ ತುರಿಕಿ ಎಬ್ಬಿಸಾವ!" ಎಂದರು. ಅವನು ಕಣ್ಣು ಅಲ್ಲಿಂದ ತೆಗೆಯಲೇ ಇಲ್ಲ. "ಇಷ್ಟ ಮಂದಿ ನನ್ನ ಕಾಲಾಗ ಕುಂತಾರೇನ್ರಿ ಬಾಯಿ? ಬಾಡಗಿ ಇಲ್ದ?" ಎಂದು ಖುಷಿಯಾಗಿ ನಗುತ್ತ ಎದ್ದು ಹೋಗಿಯೇ ಬಿಟ್ಟ, ಔಷಧಿ ಚೀಟಿ ಮರೆತು. ನಾನು ಅದನ್ನು ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಓಡಿದೆ.

ಅವರು ಒಂದು ಗಾಜನ್ನೂ ಎಸೆಯಲು ಬಿಡುತ್ತಿರಲಿಲ್ಲ. ರೋಗಿ ಗುಣವಾಗಲಿ, ಊರು ಬಿಡಲಿ, ಸಾಯಲಿ, ಗಾಜು ಡಬ್ಬಿಯಲ್ಲಿ ಇರಲೇಬೇಕು. ಡಬ್ಬಿಗಳನ್ನು ಜೋಡಿಸುವುದೂ ವರ್ಷದ ಪ್ರಕಾರವಲ್ಲ, ಊರಿನ ಪ್ರಕಾರ. ಮಂದ್ರೂಪದ್ದು ಒಂದು ಸಾಲು, ಕಂದಲಗಾಂವದ್ದು ಒಂದು ಸಾಲು. "ಒಂದ ಊರಿನ ಮಂದಿ ಒಬ್ಬರಿಗೊಬ್ಬರು ಬೀಗರು. ಮೈಯಾಗಿಂದೂ ಬೀಗತನ ಇರ್ತದ. ಒಟ್ಟಿಗೇ ಇರಲಿ" ಎನ್ನುತ್ತಿದ್ದರು. ಧೂಳು ಹೊಡೆಯುವವನು ನಾನು, ಆದ್ದರಿಂದ ಗೊಣಗುವ ಹಕ್ಕೂ ನನ್ನದೇ ಆಗಿತ್ತು. ಈ ಡಬ್ಬಿಗಳೇ ಒಂದು ದಿನ ನಮ್ಮಿಬ್ಬರ ಮಾನ ಕಳೆದು, ಒಂದು ಕೂಸಿನ ಜೀವ ಉಳಿಸುತ್ತವೆಂದು ಯಾರು ಎಣಿಸಿದ್ದರು?

ಬೆಳಿಗ್ಗೆ ಅಕ್ಕಲಕೋಟದಿಂದ ಬರುವ ರೈಲಿನಲ್ಲಿ ನಾನಿರುವಾಗಲೇ ಅವರ ಫೋನು ಬರುತ್ತಿತ್ತು. ಹೊಸದೇನಾದರೂ ಓದಿದ್ದರೆ ದವಾಖಾನೆ ಮುಟ್ಟುವ ತನಕ ತಡೆಯಲಾಗದು. ಒಂದು ದಿನ ಆ ಕಡೆಯಿಂದ ಎಷ್ಟು ಜೋರಾಗಿ ಕೂಗಿದರೆಂದರೆ ಇಡೀ ರೈಲು ಡಬ್ಬಿಗೆ ಕೇಳಿಸಿತು. "ತಮ್ಮಾ! ನಿನ್ನ ತೊಗಲಿನ್ಯಾಗ ಕಾವಲಿಗೆ ಕುಂತ ಕೋಶ ಅದಾವಲ್ಲ, ಟೊಂಗಿ ಟೊಂಗಿ ಇದ್ದಾವು? ಅವು ನೀ ನಿಮ್ಮವ್ವನ ಹೊಟ್ಟ್ಯಾಗ ಇದ್ದಾಗನ ಅಲ್ಲಿ ಬಂದು ಕುಂತಾವ! ಹುಟ್ಟಿದ ಮ್ಯಾಲ ಬಂದಾವಲ್ಲ! ಅಲ್ಲೇ ಸಂಸಾರ ಮಾಡ್ಕೊಂಡು, ಅಲ್ಲೇ ಮರಿ ಹಾಕ್ಕೊಂಡು ಇರ್ತಾವ!" ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ತೋಳು ತಿರುಗಿಸಿ ನೋಡಿಕೊಂಡಳು. ನನಗೂ ಅವತ್ತು ಶರ್ಟಿನ ತೋಳು ಮಡಚಿ ನೋಡಿಕೊಳ್ಳಬೇಕೆನಿಸಿತು.

ದವಾಖಾನೆಯ ಗೋಡೆಗೆ ಅವರು ಒಂದು ಉದ್ದನೆಯ ರಟ್ಟಿನ ಮಾಲೆ ತೂಗುಹಾಕಿದ್ದರು. ರಟ್ಟಿನ ತುಂಬ ತೂತು. ಬಂದವರು ಅದನ್ನು ಏನೋ ಯಂತ್ರ ತಾಯತವೆಂದು ಕೈಮುಗಿಯುತ್ತಿದ್ದುದೂ ಉಂಟು. ಅದು ಹಳೆಯ ಚಾದರ ಮಗ್ಗದ ಕಾರ್ಡು. ಯಾವ ತೂತಿದ್ದಲ್ಲಿ ಯಾವ ದಾರ ಮೇಲೇಳಬೇಕೆಂದು ಅದೇ ಹೇಳುತ್ತದೆ. ಅದರ ಪ್ರಕಾರ ಚಾದರದಲ್ಲಿ ನವಿಲು ಬರುತ್ತದೆ, ಬಳ್ಳಿ ಬರುತ್ತದೆ. ಅವರು ಸಣ್ಣವರಿದ್ದಾಗ ಅವರ ಅಪ್ಪ ನೂಲು ಕೊಡುತ್ತಿದ್ದ ಮಗ್ಗದವರಲ್ಲಿ ಒಂದು ಕಾರ್ಡಿನ ಒಂದೇ ಒಂದು ತೂತು ಮುಚ್ಚಿಹೋಗಿತ್ತಂತೆ. ಹೊರಬಂದ ಅಷ್ಟೂ ಚಾದರಗಳಲ್ಲಿ ನವಿಲಿಗೆ ಕಣ್ಣೇ ಇರಲಿಲ್ಲ.

"ಜೀನು ಅಂದ್ರ ಇದ" ಎಂದು ಆ ರಟ್ಟಿಗೆ ಬೆರಳು ತೋರಿಸುತ್ತಿದ್ದರು. "ಮೈಯಾಗಿನ ಒಂದೊಂದು ಕೋಶದಾಗೂ ಇದೇ ಮಾಲಿ ಇರ್ತದ. ಆದ್ರ ತೊಗಲಿನ್ಯಾಗ ಕುಂತ ಕಾವಲುಗಾರ ಒಂದ ತೂತು ಓದ್ತಾನ, ಕರುಳಾಗ ಕುಂತಾವ ಇನ್ನೊಂದು, ಪುಪ್ಪುಸದಾಗ ಕುಂತಾವ ಮತ್ತೊಂದು. ಮಾಲಿ ಒಂದ, ಕಾವಲು ಬ್ಯಾರೆ ಬ್ಯಾರೆ. ಇದಕ್ಕಿಂತ ಮಜಾ ಜಗತ್ತಿನ್ಯಾಗ ಏನರ ಅದ ಏನೋ, ಹೇಳು?" ಹೇಳುತ್ತಲೇ ಒಂದು ಕೈಯಲ್ಲಿ ಶೇಂಗಾ ಚಟ್ನಿ ಮೆತ್ತಿದ ಕಟಕ ರೊಟ್ಟಿ. ಅವರು ಕುಳಿತು ಉಂಡಿದ್ದನ್ನು ನಾನು ನೋಡಿಯೇ ಇಲ್ಲ. ಚಟ್ನಿಯ ಎಣ್ಣೆ ಗಾಜಿಗೆ ಹತ್ತಿದರೆ ಬೈಸಿಕೊಳ್ಳುವವನು ನಾನೇ.

ಇಷ್ಟೆಲ್ಲ ತಿಳಿದವರು ಒಂದು ಸಲ ದೊಡ್ಡ ತಪ್ಪು ಮಾಡಿದರು. ನಾನೂ ತಲೆಯಾಡಿಸಿ ಅದರಲ್ಲಿ ಪಾಲು ತೆಗೆದುಕೊಂಡೆ.

ಮಂಗಳವೇಢೆ ಕಡೆಯ ನಂದೇಶ್ವರದಿಂದ ಕುರಿ ಸಾಕುವ ಮನೆಯವರು ಎರಡು ತಿಂಗಳ ಗಂಡುಕೂಸನ್ನು ತಂದಿದ್ದರು. ಕೂಸಿನ ತಾಯಿ, ಮತ್ತು ಒಬ್ಬ ಮುದುಕಿ. ಮುದುಕಿ ಆ ತಾಯಿಗೆ ಅತ್ತೆಯೂ ಹೌದು, ಹೆತ್ತವ್ವನ ತಾಯಿಯೂ ಹೌದು. ಮಗಳ ಮಗಳನ್ನೇ ಮಗನಿಗೆ ತಂದುಕೊಂಡಿದ್ದಳು; ಆ ಕಡೆ ಅದು ಹೊಸದೇನಲ್ಲ. ಕೂಸು ನೆತ್ತಿಯಿಂದ ಅಂಗಾಲಿನ ತನಕ ಕೆಂಪು ಕೆಂಪು, ಹೊಪ್ಪಳಿಕೆ ಏಳುತ್ತಿತ್ತು, ಹುಬ್ಬಿನ ಕೂದಲೂ ಉದುರಿತ್ತು. ಆ ಕೆಂಪಿನ ಮೇಲೆ ಮೈತುಂಬ ಹಳದಿ ಭಂಡಾರ. ಕುರಿಗಾರರ ದೇವರು ಬೀರೋಬಾನ ಗುಡಿಯ ಅರಿಷಿಣ ಪುಡಿ. ಕೂಸು ಕೆಂಪಾದಷ್ಟೂ ಮುದುಕಿ ದೇವರ ಹೆಸರು ಹೇಳಿ ಇನ್ನಷ್ಟು ಹಚ್ಚುತ್ತ ಬಂದಿದ್ದಳು.

ಮೇಡಂಗೆ ಸಿಟ್ಟು ನೆತ್ತಿಗೇರಿತು. ಆ ದಿನ ಹೊರಗೆ ಮೂವತ್ತು ಮಂದಿ ಕಾಯುತ್ತಿದ್ದರು. "ಏನ ಮಾಡಿಟ್ಟೀ ಆಯೀ! ಎಳೀ ತೊಗಲು ಸುಟ್ಟ ಹಾಕಿದ್ಯಲ್ಲ! ಇದೆಲ್ಲಾ ನಿನ್ನ ಭಂಡಾರದ್ದ. ಇನ್ನ ಮ್ಯಾಲ ಈ ಕೂಸಿಗೆ ಕೈ ಹಚ್ಚಬ್ಯಾಡ ನೀ!" ಎಂದು ಎಲ್ಲರೆದುರು ಗದರಿದರು. ಒಂದು ಚೂರು ಚರ್ಮ ತೆಗೆದರು. ನಾನು ಕೊಯ್ದು ಕೊಟ್ಟೆ. ಗಡಿಬಿಡಿಯಲ್ಲಿ ನೋಡಿ, ಅರಿಷಿಣದಿಂದ ಕೆರಳಿದ ಇಸಬು ಎಂದರು. ಗಾಜಿನ ಮೇಲೆ ನನ್ನ ದುಂಡು ಅಕ್ಷರದಲ್ಲಿ ಬರೆದೆ: ನಂದೇಶ್ವರ, ಕೂಸು, ಭಂಡಾರ. ಮುಲಾಮು ಕೊಟ್ಟು ಕಳಿಸಿದೆವು. ತಿಂಗಳೊಳಗೆ ಕೂಸು ತೀರಿಕೊಂಡಿತೆಂದು ಆ ಊರಿನ ಯಾರೋ ಬಂದವರು ಹೇಳಿದರು. ಮೇಡಂ ಆ ಮಧ್ಯಾಹ್ನ ರೊಟ್ಟಿ ಡಬ್ಬಿ ತೆರೆಯಲಿಲ್ಲ, ಅಷ್ಟೇ. ನಾವು ಮರೆತೆವು.

ಮೂರು ವರ್ಷದ ಮೇಲೆ ಅದೇ ತಾಯಿ ಮತ್ತೆ ಬಂದಳು. ಮಡಿಲಲ್ಲಿ ಎರಡು ತಿಂಗಳ ಹೆಣ್ಣುಕೂಸು. ಸೆರಗು ಹಿಡಿದುಕೊಂಡು ಆರು ವರ್ಷದ ದೊಡ್ಡ ಮಗಳು. ಕೂಸಿನ ಬಟ್ಟೆ ಸರಿಸಿದಳು. ಅದೇ ಕೆಂಪು. ಅದೇ ಹೊಪ್ಪಳಿಕೆ. ಹುಬ್ಬಿಲ್ಲ.

ತಾಯಿ ಅಳಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: "ಈ ಸಲ ಭಂಡಾರ ಮುಟ್ಟಿಸಿಲ್ಲರಿ ಬಾಯಿ. ಗುಡಿಗೂ ಒಯ್ದಿಲ್ಲ. ಆಯಿನ್ನ ಕೂಸಿನ ಹತ್ರ ಬಿಟ್ಟೇ ಇಲ್ಲ. ನೀವು ಹೇಳಿದ್ದ ಒಂದೂ ಮೀರಿಲ್ಲರಿ. ಆದ್ರೂ ಹಿಂಗ್ಯಾಕ ಆತ್ರಿ?"

ಬಾಗಿಲಿನಾಚೆ ಮೆಟ್ಟಿಲ ಮೇಲೆ ಮುದುಕಿ ಕುಳಿತಿದ್ದಳು, ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡು. ತನ್ನ ಕೈಯಿಂದಲೇ ಮೊಮ್ಮಗ ಹೋದನೆಂದು ಮೂರು ವರ್ಷದಿಂದ ಆಕೆ ಯಾರ ಕೂಸನ್ನೂ ಎತ್ತಿಕೊಂಡಿರಲಿಲ್ಲ. ಜಾತ್ರೆಯಲ್ಲಿ ಎಲ್ಲರೂ ಭಂಡಾರ ತೂರುವಾಗ ಈಕೆ ದೂರ ನಿಲ್ಲುತ್ತಿದ್ದಳಂತೆ. ಇದೆಲ್ಲ ತಾಯಿಯೇ ಹೇಳಿದ್ದು.

"ತಮ್ಮಾ" ಎಂದರು ಮೇಡಂ, ಸಣ್ಣ ದನಿಯಲ್ಲಿ. "ನಂದೇಶ್ವರದ ಡಬ್ಬಿ ತಾ."

ಮೂರು ವರ್ಷದ ಹಿಂದಿನ ಆ ಗಾಜು ಎರಡೇ ನಿಮಿಷದಲ್ಲಿ ಸಿಕ್ಕಿತು. ನೋಡಿದರು. ಈ ಸಲ ಗಡಿಬಿಡಿ ಇರಲಿಲ್ಲ. ಹೊರಗಿನ ಮಂದಿ ಕಾಯಲಿ ಎಂದರು. ಗಾಜನ್ನು ಕೂದಲೆಳೆಯಷ್ಟು ಸರಿಸುತ್ತ, ನಿಲ್ಲಿಸುತ್ತ, ಮತ್ತೆ ಸರಿಸುತ್ತ ಅರ್ಧ ಗಂಟೆ. "ಇಷ್ಟ ಮಂದಿ ಯಾಕ ಬಂದಾರ ಇಲ್ಲಿ? ಬರಬಾರದವರು ಬಂದಾರ" ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಹೊಸ ಕೂಸಿನ ಚರ್ಮದ ಚೂರು ತೆಗೆದರು, ರಕ್ತ ತೆಗೆದರು, ಎದೆಯ ಎಕ್ಸ್‌ರೇ ಬರೆದುಕೊಟ್ಟು ಕೂಸನ್ನು ದೊಡ್ಡ ಆಸ್ಪತ್ರೆಯಲ್ಲಿ ಬೇರೆ ಕೋಣೆಗೆ ಹಾಕಿಸಿದರು. ಮರುದಿನ ಮಧ್ಯಾಹ್ನ ನಾನು ಕೊಯ್ದು ಬಣ್ಣ ಹಾಕಿದ ಹೊಸ ಗಾಜು ಕೊಟ್ಟೆ.

ಅಣ್ಣನ ಗಾಜು, ತಂಗಿಯ ಗಾಜು. ಒಂದಾದ ಮೇಲೊಂದು ಇಟ್ಟು ನೋಡಿದರು. ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಳೆಗೂಸುಗಳ ಎದೆಯೆಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿಯ ನೆರಳು ಕಾಣಬೇಕು. ಅಲ್ಲಿ ಏನೂ ಇರಲಿಲ್ಲ, ಖಾಲಿ. ಮೇಡಂ ಮೇಜು ಬಡಿದರು ನೋಡಿ, ಆ ಪರಿ ಎಂದೂ ಬಡಿದಿರಲಿಲ್ಲ. ಎರಡು ಗಾಜು ನೆಲಕ್ಕೆ ಬಿದ್ದು ಒಡೆದವು, ಬೇರೆ ಯಾರದೋ.

"ಸಿಕ್ತು! ಸಿಕ್ತೋ ತಮ್ಮಾ! ಇದು ಹೊರಗಿಂದ ಹತ್ತಿದ ರೋಗಲ್ಲ! ಕಾರ್ಡಿನ್ಯಾಗಿನ ತೂತು ಮುಚ್ಚೇದ!" ಎಂದು ಕೂಗಿದವರು ಮರುಗಳಿಗೆಗೆ ಕುರ್ಚಿಯಲ್ಲಿ ಕುಸಿದು ಕುಳಿತರು. "ಥೂ ನನ್ನ. ಆವಾಗ ಇದೇ ಗಾಜು ನನ್ನ ಮುಂದಿತ್ತು. ಕೂಸಿನ ಮೈಮ್ಯಾಲಿನ ಹಳದಿ ನೋಡಿದೆ, ಗಾಜು ನೋಡಲಿಲ್ಲ." ಕಣ್ಣಲ್ಲಿ ನೀರು ಬಂದಿತ್ತು. ಅದೇ ಕಣ್ಣು ಮಿಂಚುತ್ತಲೂ ಇತ್ತು. ಈ ಸಲ ಕೂಸು ಇನ್ನೂ ಬದುಕಿತ್ತಲ್ಲ!

ಅವರು ಮೊದಲು ಮಾಡಿದ ಕೆಲಸ ಫೋನಲ್ಲ, ಚೀಟಿಯಲ್ಲ. ಮನೆಯವರನ್ನು ಕರೆಸಿದರು. ಮುದುಕಿ ಒಳಗೆ ಬರಲು ಒಪ್ಪಲಿಲ್ಲ. ಬಿಳಿ ಕೋಟಿನಲ್ಲೇ ಹೊರಗೆ ಹೋಗಿ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತರು. ಕಾಯುತ್ತಿದ್ದ ರೋಗಿಗಳೆಲ್ಲ ಇತ್ತ ತಿರುಗಿದರು.

"ಯವ್ವಾ, ಅವತ್ತು ಎಲ್ಲಾರ ಮುಂದ ಬೈದಿದ್ದೆ. ಇವತ್ತು ಎಲ್ಲಾರ ಮುಂದ ಹೇಳ್ತೀನಿ. ತಪ್ಪು ನಂದು. ಕೂಸು ಹೋಗಿದ್ದು ನಿನ್ನ ಭಂಡಾರದಿಂದ ಅಲ್ಲ. ಗಾಯದ ಮ್ಯಾಲ ಹಚ್ಚಬ್ಯಾಡ ಅಂತ ಈಗಲೂ ಅಂತೀನಿ, ಅದು ಬ್ಯಾರೆ. ಆದ್ರ ನಿನ್ನ ಕೈ ಏನೂ ಮಾಡಿಲ್ಲ."

ಮುದುಕಿ ಮುಖ ಎತ್ತಿದಳು. "ಮತ್ಯಾಕ ಹೋದ ಅಂವ?" ಎಂದಳು.

ಮೇಡಂ ಹೇಳಿದರು. ಎಲುಬಿನ ಮಜ್ಜೆಯಲ್ಲಿ ಕಾವಲು ಕೋಶಗಳು ಹುಟ್ಟುತ್ತವೆ. ಎದೆಯೊಳಗಿನ ಆ ಗ್ರಂಥಿ ಅವುಗಳ ಶಾಲೆ. ನಮ್ಮವರು ಯಾರು, ಪರರು ಯಾರು ಎಂದು ಅಲ್ಲಿ ಕಲಿಯುತ್ತವೆ. ಕಲಿತ ಮೇಲೆ ಕೆಲವು ತೊಗಲಿಗೆ, ಕೆಲವು ಕರುಳಿಗೆ ಕಾವಲು ಹೋಗುತ್ತವೆ. ಇದೆಲ್ಲ ಆಗಲು ಒಂದು ಜೀನು ಸರಿಯಾಗಿರಬೇಕು. ಈ ಕೂಸಿನಲ್ಲಿ ಅದು ಕೆಟ್ಟಿದೆ. ಕಾವಲುಗಾರರು ಹುಟ್ಟಿದ್ದೇ ನಾಕಾರು. ಅವೂ ಶಾಲೆ ಕಲಿಯಲಿಲ್ಲ. ಆ ನಾಕಾರೇ ಬೆಳೆದು ಗುಂಪಾಗಿ ತೊಗಲಿಗೆ ನುಗ್ಗಿ ಅಲ್ಲೇ ಹಾವಳಿ ಎಬ್ಬಿಸಿವೆ.

"ಅಂದ್ರ" ಎಂದಳು ಮುದುಕಿ, "ಹಟ್ಟಿ ಕಾಯಾಕ ಬಿಟ್ಟ ನಾಯಿಗೆ ಕುರಿ ಗುರ್ತ ಇಲ್ಲ. ತೋಳ ಬಂದ್ರ ಓಡಸೂದಿಲ್ಲ, ನಮ್ಮ ಕುರೀನ ಕಡ್ಯಾಕತ್ತೈತಿ."

"ಹೌದವ್ವಾ! ಹೌದು!" ಮೇಡಂ ಎರಡೂ ಕೈಯಿಂದ ಅವಳ ಭುಜ ಹಿಡಿದು ಅಲುಗಾಡಿಸಿಬಿಟ್ಟರು. "ಇಷ್ಟ ವರ್ಷ ಓದೀನಿ, ಇಷ್ಟ ಛಂದ ನನಗ ಹೇಳಾಕ ಬಂದಿಲ್ಲ ನೋಡು! ಕೇಳಿದ್ಯೇನೋ ತಮ್ಮಾ? ನಾಯಿಗೆ ಕುರಿ ಗುರ್ತ ಇಲ್ಲ!"

ಮುದುಕಿ ನಗಲಿಲ್ಲ. ಕುರಿ ಸಾಕುವವಳು, ತಳಿಯ ಮಾತು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಮಗಾನೂ ನನ್ನವ, ಇಕಿನೂ ನನ್ನ ಮಗಳ ಮಗಳು. ಹಂಗಾದ್ರ ಅದು ನನ್ನ ಮನೀದ ಅಲ್ಲೇನು? ಸುತ್ತಿ ಸುತ್ತಿ ನನ್ನ ಕಡೇನ ಬಂತಲ್ಲ."

ಮೇಡಂ ತಪ್ಪಿಸಿಕೊಳ್ಳಲಿಲ್ಲ. "ನಿನ್ನಿಂದನೋ, ನಿನ್ನ ಗಂಡನಿಂದನೋ, ಅವರಿಗೆ ಅವರ ಹಿಂದಿನವರಿಂದನೋ. ಒಂದ ಕಡೆಯಿಂದ ಬಂದ್ರ ಏನೂ ಆಗೂದಿಲ್ಲ. ಅಪ್ಪ, ಅವ್ವ ಎರಡೂ ಕಡೆಯಿಂದ ಬಂದ್ರ ಹಿಂಗಾಗ್ತದ. ಹತ್ತಿರದ ಸಂಬಂಧದಾಗ ಎರಡೂ ಕೂಡೂದು ಹೆಚ್ಚು. ಆದ್ರ ಅದನ್ನ ಯಾರೂ ಬೇಕಂತ ಕೊಡೂದಿಲ್ಲವ್ವ. ನನ್ನ ಕಾರ್ಡಿನ್ಯಾಗ ಎಷ್ಟ ತೂತು ಮುಚ್ಚ್ಯಾವೋ, ಯಾರು ನೋಡ್ಯಾರ? ಹೆತ್ತಿದ್ದು ತಪ್ಪಲ್ಲ, ಸಾಕಿದ್ದು ತಪ್ಪಲ್ಲ." ಆಮೇಲೆ ಹಣೆ ಮುಂದೆ ಮಾಡಿದರು. "ನನಗ ಒಂದ ಚಿಟಿಕಿ ಭಂಡಾರ ಹಚ್ಚವ್ವ. ಮುಂದಿನ ಕೆಲಸ ದೊಡ್ಡದದ."

ಮುದುಕಿಯ ಸೊಂಟದ ಚೀಲದಲ್ಲಿ ಭಂಡಾರ ಇದ್ದೇ ಇತ್ತು. ಆದರೆ ಕೈ ಸೆರಗಿನಿಂದ ಹೊರಗೆ ಬರಲಿಲ್ಲ. "ಕೂಸು ಉಳೀಲಿ ಬಾಯೀ. ಉಳದ್ರ ಹಚ್ತೀನಿ" ಎಂದಳು.

ಉಳಿಯಲು ಒಂದೇ ದಾರಿ. ಬೇರೆಯವರ ಒಳ್ಳೆಯ ಮಜ್ಜೆ ಈ ಕೂಸಿಗೆ ಹಾಕಬೇಕು, ಹೊಸ ಕಾವಲುಗಾರರು ಹುಟ್ಟಬೇಕು. ಒಡಹುಟ್ಟಿದವರದು ಹೊಂದಿದರೆ ಎಲ್ಲಕ್ಕಿಂತ ಒಳ್ಳೆಯದು. ಹೊಂದದಿದ್ದರೆ ಕೂಸು ವರ್ಷ ದಾಟುವುದು ಕಷ್ಟ. ಇರುವವಳು ಆರು ವರ್ಷದ ಅಕ್ಕ ಒಬ್ಬಳೇ. ಇಬ್ಬರ ರಕ್ತವೂ ಪುಣೆಗೆ ಹೋಯಿತು. ಆ ಎರಡು ವಾರ ಮೇಡಂ ಮಂದಿಯನ್ನು ಕರೆದು ಮೈಕ್ರೋಸ್ಕೋಪು ತೋರಿಸಲಿಲ್ಲ. ದಿನಾ ಆಸ್ಪತ್ರೆಗೆ ಹೋಗಿ ಗಾಜಿನ ಬಾಗಿಲಿನಾಚೆಯಿಂದ ಕೂಸನ್ನು ನೋಡಿ ಬರುತ್ತಿದ್ದರು. ಒಂದು ಕೆಮ್ಮು, ಒಂದು ನೆಗಡಿ ಹತ್ತಿದರೂ ಮುಗಿಯಿತು.

ರಿಪೋರ್ಟು ಬಂದ ದಿನ ನಾನು ಇನ್ನೂ ರೈಲಿನಲ್ಲಿದ್ದೆ. ಫೋನು ಎತ್ತಿದರೆ ಬರೀ ಬಡಿತ. ಧಪ್, ಧಪ್, ಧಪ್. ಯಾರೋ ಮೇಜು ಬಡಿಯುತ್ತಿದ್ದಾರೆ! ಹಿಂದಿನಿಂದ ಗಾಜುಗಳ ಟಣ ಟಣ. ಮಾತೇ ಇಲ್ಲ. ನಾನೇ ಕಿರುಚಿದೆ: "ಅಕ್ಕಂದು ಹೊಂದ್ತೇನ್ರಿ ಮೇಡಂ?"

"ಹೊಂದ್ತೋ! ಪೂರಾ ಪೂರಾ ಹೊಂದ್ತು! ಜೀನೂ ಸಿಕ್ತು, ನಾವು ಅಂದಿದ್ದ!"

ನಾನು ಸೀಟಿನಿಂದ ಎದ್ದು ನಿಂತು ಚಪ್ಪಾಳೆ ಹೊಡೆದೆ. ಎದುರಿನವರು ಯಾರಿಗೆ ನೌಕರಿ ಆಯಿತೆಂದು ಕೇಳಿದರು. ದವಾಖಾನೆ ಮುಟ್ಟಿದಾಗ ಮೇಡಂ ಹಳೆಯ ಗಾಜು ಹಿಡಿದು ಕುಳಿತಿದ್ದರು. ಅದರ ಒರಟು ತುದಿಗೆ ನಾನು ಪೆನ್ಸಿಲ್ಲಿನಲ್ಲಿ ಬರೆದಿದ್ದ 'ಭಂಡಾರ'ವನ್ನು ರಬ್ಬರಿನಿಂದ ತಿಕ್ಕಿ ತೆಗೆದು, ಅಲ್ಲಿ ತಾವೇ ಸೊಟ್ಟ ಸೊಟ್ಟ ಅಕ್ಷರದಲ್ಲಿ 'ಜೀನು' ಎಂದು ಬರೆದಿದ್ದರು. ಅವರು ಕನ್ನಡ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದುರಿನ ಅಂಗಡಿಯ ಮುದುಕನಿಂದ ಬರೆಸಿಕೊಂಡು ತಿದ್ದಿದರಂತೆ.

ಪುಣೆಯಲ್ಲಿ ಏನೇನಾಯಿತು, ಎಷ್ಟು ತಿಂಗಳಾಯಿತು, ಯಾರ್ಯಾರು ಕೈಹಿಡಿದರು ಎಂದು ಹೇಳುತ್ತ ಹೋದರೆ ಇನ್ನೊಂದು ಪುರಾಣವಾದೀತು. ಎರಡು ಸಲ ಕೂಸು ಕೈಬಿಟ್ಟಿತು ಅನ್ನುವ ಮಟ್ಟಕ್ಕೆ ಹೋಗಿ ತಿರುಗಿ ಬಂತು. ಅಕ್ಕನ ಮಜ್ಜೆ ತಂಗಿಯ ಎಲುಬಿನೊಳಗೆ ಬೇರೂರಿತು. ಮೈಕೆಂಪು ಇಳಿಯಿತು. ಹುಬ್ಬು ಬಂತು. ಒಂದೊಂದು ಸುದ್ದಿಗೂ ಒಂದೊಂದು ಸಲ ಮೇಜು.

ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಅವರೆಲ್ಲ ಬಂದರು. ಕೂಸು ನಡೆದುಕೊಂಡು ಬಂತು! ತಲೆತುಂಬ ಕರಿ ಕೂದಲು, ಎರಡು ಜುಟ್ಟು. ಬಂದದ್ದೇ ನನ್ನ ಬಣ್ಣದ ಬಾಟಲಿಗೆ ಕೈಹಾಕಿತು. ನಾನು ಬೈಯಲಿಲ್ಲ, ಬಾಟಲಿಯನ್ನೇ ಕೊಟ್ಟೆ. ಮುದುಕಿ ಈ ಸಲ ಮೆಟ್ಟಿಲ ಮೇಲೆ ಕೂರಲಿಲ್ಲ. ನೆಟ್ಟಗೆ ಒಳಗೆ ಬಂದು ಮೇಡಂ ಮುಂದೆ ನಿಂತು, ಸೊಂಟದ ಚೀಲ ಬಿಚ್ಚಿದಳು.

"ಹಚ್ಚಲೇನು ಬಾಯೀ?"

"ಮೊದಲ ನನಗ" ಎಂದರು ಮೇಡಂ.

ಚಿಟಿಕೆಯಲ್ಲ, ಹಿಡಿ ತುಂಬ ತೆಗೆದಳು. ನಾಲ್ಕೂವರೆ ವರ್ಷ ಸೆರಗಿನೊಳಗಿದ್ದ ಕೈ ಅದು. ಮೇಡಂ ಹಣೆ, ಕೆನ್ನೆ, ಕನ್ನಡಕ ಎಲ್ಲ ಹಳದಿ. ಆಮೇಲೆ ಕೂಸನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಅದರ ಹಣೆಗೆ ಒಂದು ಬೊಟ್ಟು ಮಾತ್ರ ಇಟ್ಟಳು, ಮೇಡಂ ಕಡೆ ನೋಡಿ ಸಾಕಲ್ಲ ಎಂಬಂತೆ. ಆ ತಾಯಿ ಅಂದು ಅತ್ತಳು.

ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಕೇಳಿದಳು: "ಅವನ್ದು ಏನರ ಐತೇನ್ರಿ ನಿಮ್ಮ ಹತ್ರ? ಒಂದು ಫೋಟೋನೂ ತಗಿಸಿರಲಿಲ್ಲ."

ಇತ್ತು. ಏನೂ ಎಸೆಯದ ಮನುಷ್ಯರಲ್ಲವೇ! ನಾನು ಡಬ್ಬಿ ತಂದೆ. ಮೇಡಂ ಆ ಹಳದಿ ಹಣೆಯಲ್ಲೇ ಬಾಗಿ ಗಾಜನ್ನು ಸರಿಪಡಿಸಿದರು. ಹಣೆ ಮೈಕ್ರೋಸ್ಕೋಪಿನ ನೆತ್ತಿಗೆ ಒತ್ತಿ, ಅಲ್ಲಿ ಭಂಡಾರ ಮೆತ್ತಿಕೊಂಡಿತು. ಆಮೇಲೆ ಮುದುಕಿಯನ್ನು ಕೂರಿಸಿದರು. ಅವಳು ಉಸಿರು ಹಿಡಿದು ನೋಡಿದಳು. ಅತ್ತ ಇತ್ತ ಹುಡುಕುತ್ತಿರುವಂತೆ ಇತ್ತು.

"ಕೆಂಪ ಐತಿ. ನೀಲಿ ಐತಿ" ಎಂದಳು. ಮತ್ತೆ ನೋಡಿದಳು. "ಹಳದಿ ಎಲ್ಲೂ ಇಲ್ಲ."

ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಕೊಯ್ಯುವ ಮೊದಲು ಚೂರನ್ನು ಸ್ಪಿರಿಟ್ಟಿನಲ್ಲಿ ಐದಾರು ಸಲ ಅದ್ದುತ್ತೇವೆ. ಅರಿಷಿಣವಿದ್ದರೂ ಅದರಲ್ಲೇ ತೊಳೆದು ಹೋಗುತ್ತದೆ. ಇಪ್ಪತ್ತು ವರ್ಷದ ಕಸುಬು, ಹೇಳದೆ ಇರಲಾಗದು. ಬಾಯಿ ತೆರೆದೆ. ಮೇಡಂ ನನ್ನ ಕಾಲು ತುಳಿದರು, ಚಪ್ಪಲಿಯ ಹಿಮ್ಮಡಿಯಿಂದ, ಜೋರಾಗಿ.

"ಇಲ್ಲವ್ವಾ" ಎಂದರು ಮುದುಕಿಗೆ. "ಹಳದಿ ಎಲ್ಲೂ ಇಲ್ಲ."

ಸುಳ್ಳನ್ನೇನೂ ಹೇಳಲಿಲ್ಲ ಅವರು. ಮುದುಕಿ ಇನ್ನೂ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವಳ ತೊಡೆಯ ಮೇಲಿದ್ದ ಕೂಸು ತಾನೂ ನೋಡಬೇಕೆಂದು ಜಗ್ಗುತ್ತಿತ್ತು.

ಆ ಭಂಡಾರವನ್ನು ಒರೆಸಲು ಮೇಡಂ ಬಿಡಲಿಲ್ಲ. ಅದು ಬಿಳಿ ಬಣ್ಣದೊಳಗೆ ಇಳಿದು ಕುಳಿತಿತು. ಹೊಸ ರೋಗಿ ಬಂದು ಗಡಿಬಿಡಿ ಮಾಡಿದಾಗಲೆಲ್ಲ ಅವರ ಬೆರಳು ಒಮ್ಮೆ ಅಲ್ಲಿಗೆ ಹೋಗಿ ಬರುತ್ತಿತ್ತು. ಆಮೇಲೆ ನಿಧಾನಕ್ಕೆ ನೋಡುತ್ತಿದ್ದರು. ತೀರಿಕೊಳ್ಳುವ ಹಿಂದಿನ ವಾರವೂ ಹಾಗೆಯೇ.

ಸಾಮಾನು ಕೊಳ್ಳುವವನ ಚಹಾ ಆರಿ ನೀರಾಗಿತ್ತು. "ಹಂಗಾದ್ರ ಇದನ್ನ ಮಾರೂದಿಲ್ಲೇನ್ರಿ?" ಎಂದ.

"ಇಲ್ಲರಿ. ಇದು ನನ್ನ ಜೋಡಿ ಅಕ್ಕಲಕೋಟಕ್ಕ ಬರ್ತದ. ನೀವು ಬರ್ರಿ, ಬರ್ರಿ ಇಲ್ಲಿ, ಒಂದ ಮಿಂಟ ನೋಡ್ರಿ!" ಎಂದು ಅವನ ಕೈಹಿಡಿದು ಎಳೆದು ಕೂರಿಸಿದೆ. ನಂದೇಶ್ವರದ ಆ ಹಳೆಯ ಗಾಜು ಇಟ್ಟು ಸರಿಮಾಡಿ ಕೊಟ್ಟೆ. ಅವನು ಒಂದು ಕಣ್ಣು ಮುಚ್ಚಿದ, ಇನ್ನೊಂದು ಮುಚ್ಚಿದ, ಆಮೇಲೆ ಎರಡೂ ತೆರೆದು ನೋಡಿದ.

"ಏನ ಕಾಣ್ತದ?"

"ಕೆಂಪರಿ. ಮತ್ತ ನೀಲಿ. ಅಬಬಬ, ಎಷ್ಟ ಚುಕ್ಕಿ!"

"ಹಳದಿ?"

ಅವನು ಗಾಜಿನ ಆ ತುದಿಯಿಂದ ಈ ತುದಿಯ ತನಕ ಹುಡುಕಿದ. "ಹಳದಿ ಎಲ್ಲೂ ಇಲ್ಲರಿ" ಎಂದ.

ಈ ಸಲ ನನ್ನ ಕಾಲು ತುಳಿಯುವವರು ಯಾರೂ ಇರಲಿಲ್ಲ. ನಾನು ಸ್ಪಿರಿಟ್ಟಿನ ಮಾತು ಎತ್ತಲಿಲ್ಲ. ಅಂಗೈಯಿಂದ ಮೇಜು ಬಡಿದೆ. ಡಬ್ಬಿಯೊಳಗಿನ ಗಾಜುಗಳೆಲ್ಲ ಟಣ್ಣೆಂದವು.